ಎರಡನೆಯ ಬಾಣಂತನಕ್ಕೂ ಮೊದಲಿನಷ್ಟೇ ಆರೈಕೆ ಬೇಕು

ಚೊಚ್ಚಲ ಬಸಿರಿನಲ್ಲಿ ಗಂಡ, ತಾಯಿ, ಅತ್ತೆ ಎಲ್ಲರೊಡನೆ ತಪಾಸಣೆಗೆ ಬರುತ್ತಿದ್ದ ಹೆಣ್ಣುಮಗಳು ಎರಡನೆಯ ಬಸಿರಿನಲ್ಲಿ ದೊಡ್ಡ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಒಬ್ಬಳೇ ಬರುತ್ತಾಳೆ, ಅದೂ ಐದೋ ಆರೋ ತಿಂಗಳು ತುಂಬಿದ ಮೇಲೆ. ಇಷ್ಟು ತಡವೇಕೆ ಎಂದು ಕೇಳಿದರೆ, ‘ಎರಡನೇದಲ್ವಾ ಡಾಕ್ಟ್ರೇ, ಎಲ್ಲ ಗೊತ್ತಿರೋದೇ ಅಂದ್ರು ಮನೇಲಿ’ ಎನ್ನುತ್ತಾಳೆ. ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಹೆರಿಗೆ ಮಾಡಿಸುವ ನನಗೆ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಎರಡನೆಯ ಹೆರಿಗೆ ಸಲೀಸು ಎಂಬ ನಂಬಿಕೆಯಲ್ಲಿ ನಿಜಾಂಶವಿದೆ, ಆದರೆ ಅದು ನೋವಿನ ಅವಧಿಗಷ್ಟೇ ಅನ್ವಯಿಸುವ ನಿಜ. ತಾಯಿಯ ಮೈಯಲ್ಲಿರುವ ರಕ್ತದ ಪ್ರಮಾಣಕ್ಕೆ, ಹಿಂದಿನ ಆಪರೇಷನ್ನಿನ ಹೊಲಿಗೆಗೆ, ಅವಳಿಗೆ ಸಿಗುವ ನಿದ್ದೆಗೆ, ಮನೆಯಲ್ಲಿ ಕಾದಿರುವ ಮೊದಲ ಮಗುವಿನ ಮನಸ್ಸಿಗೆ ಅದನ್ನು ಹಿಗ್ಗಿಸಿ ಅನ್ವಯಿಸಿಕೊಂಡಾಗಲೇ ತೊಂದರೆಗಳು ಶುರುವಾಗುತ್ತವೆ.

ಮೊದಲ ಹೆರಿಗೆಯಲ್ಲಿ ಗರ್ಭಕೋಶದ ಬಾಯಿ ಮೊದಲು ತೆಳುವಾಗಿ ಆಮೇಲೆ ತೆರೆದುಕೊಳ್ಳುತ್ತದೆ. ಎರಡನೆಯದರಲ್ಲಿ ಇವೆರಡೂ ಬಹುಮಟ್ಟಿಗೆ ಒಟ್ಟೊಟ್ಟಿಗೇ ನಡೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯ ಪ್ರಕಾರ, ಬಾಯಿ 5 ಸೆಂ.ಮೀ. ತೆರೆದ ಮೇಲಿನ ಹಂತವು ಚೊಚ್ಚಲು ಹೆರಿಗೆಯಲ್ಲಿ ಸಾಮಾನ್ಯವಾಗಿ 12 ಗಂಟೆಯನ್ನೂ ಅನಂತರದ ಹೆರಿಗೆಗಳಲ್ಲಿ 10 ಗಂಟೆಯನ್ನೂ ಮೀರುವುದಿಲ್ಲ. ಇವು ಹೊರಮಿತಿಗಳು, ಎರಡನೆಯ ಹೆರಿಗೆ ಇದಕ್ಕಿಂತ ಎಷ್ಟೋ ಬೇಗ ಮುಗಿಯುವುದನ್ನು ನಾವು ದಿನವೂ ನೋಡುತ್ತೇವೆ. ಮಗುವಿನ ತಲೆ ಕೂರುವ ವಿಷಯದಲ್ಲೂ ವ್ಯತ್ಯಾಸವಿದೆ. ಚೊಚ್ಚಲು ಬಸುರಿಯಲ್ಲಿ ಕೊನೆಯ ವಾರಗಳಲ್ಲೇ ತಲೆ ಕೆಳಗಿಳಿದು ಕೂರುವುದು ಸಾಮಾನ್ಯ, ಎರಡನೆಯ ಬಾರಿ ನೋವು ಶುರುವಾಗುವ ತನಕವೂ ಅದು ಮೇಲೆಯೇ ಇರಬಹುದು. ಆದ್ದರಿಂದ ಹಿಂದಿನ ವಾರದ ತಪಾಸಣೆಯಲ್ಲಿ ‘ತಲೆ ಇನ್ನೂ ಕೂತಿಲ್ಲ’ ಎಂದಿದ್ದರು, ಇನ್ನೂ ದಿನವಿದೆ ಎಂದು ಲೆಕ್ಕ ಹಾಕಿ ಮನೆಯಲ್ಲೇ ಉಳಿಯುವುದು ಸರಿಯಲ್ಲ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ. ದಾರಿ, ಒಳಗಿನ ಹಳ್ಳಿಯಿಂದ ಹೊರಡುವವರಿಗೆ ಇದಕ್ಕೆ ಮಣ್ಣು ರಸ್ತೆಯ ದೂರವೂ ಸೇರುತ್ತದೆ. ಜುಲೈ ತಿಂಗಳ ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಗಂಟೆಗಳ ಲೆಕ್ಕವೇ ತಪ್ಪುತ್ತದೆ. ಎರಡನೆಯ ಹೆರಿಗೆಯವರಿಗೆ ನಾನು ಹೇಳುವುದಿಷ್ಟೆ: ನೋವು ಒಂದು ಲಯ ಹಿಡಿದು ಹತ್ತು ನಿಮಿಷಕ್ಕೊಮ್ಮೆ ಬರತೊಡಗಿದ ಕೂಡಲೇ 108ಕ್ಕೆ ಕರೆ ಮಾಡಿ, ನೀರು ಹೋದರೆ, ರಕ್ತ ಕಂಡರೆ ಅಥವಾ ಮಗುವಿನ ಚಲನೆ ಕಡಿಮೆಯಾದರೆ ನೋವಿಗಾಗಿ ಕಾಯಬೇಡಿ, ಮನೆ ಬಹಳ ದೂರವಿದ್ದರೆ ದಿನ ಹತ್ತಿರ ಬಂದಾಗಲೇ ಪಟ್ಟಣದ ನೆಂಟರ ಮನೆಗೆ ಬಂದಿರಿ. ಇಷ್ಟಾಗಿಯೂ ದಾರಿಯಲ್ಲೇ ಹೆರಿಗೆಯಾದರೆ ಮಗುವನ್ನು ಎಳೆಯಬಾರದು, ಅದು ತಾನಾಗಿ ಬರುವಾಗ ಕೈಯಾಸರೆ ಕೊಟ್ಟರೆ ಸಾಕು. ಒಣ ಬಟ್ಟೆಯಿಂದ ಮೈ, ತಲೆ ಚೆನ್ನಾಗಿ ಒರೆಸಿ, ತಾಯಿಯ ಎದೆಯ ಮೇಲೆ ಬರಿಮೈಗೆ ಬರಿಮೈ ತಾಗುವಂತೆ ಮಲಗಿಸಿ, ಇಬ್ಬರಿಗೂ ಸೇರಿಸಿ ಹೊದಿಸಬೇಕು. ಹೊಕ್ಕುಳ ಬಳ್ಳಿಯನ್ನು ಬ್ಲೇಡಿನಿಂದ ಕೊಯ್ಯಲು ಹೋಗಬೇಡಿ, ಮಾಸು ಬರಲೆಂದು ಬಳ್ಳಿ ಹಿಡಿದು ಜಗ್ಗಲೂ ಬೇಡಿ. ಬಳ್ಳಿ ಹಾಗೆಯೇ ಇರುವಾಗ ಆಂಬುಲೆನ್ಸ್ ತಲುಪಿದ ತಾಯಿ ಮಕ್ಕಳು ನಮ್ಮಲ್ಲಿಗೆ ಕ್ಷೇಮವಾಗಿ ಬಂದಿದ್ದಾರೆ. ಗಾಬರಿಯಲ್ಲಿ ಬಳ್ಳಿ ಜಗ್ಗಿಸಿಕೊಂಡು ರಕ್ತಸ್ರಾವದೊಂದಿಗೆ ಬಂದವರನ್ನು ಉಳಿಸಿಕೊಳ್ಳಲು ಪಟ್ಟ ಪಾಡು ನಮಗೇ ಗೊತ್ತು.

ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ ಈ ಮಾತುಗಳೆಲ್ಲ ಬದಲಾಗುತ್ತವೆ. ಗರ್ಭಕೋಶದ ಮೇಲಿನ ಹೊಲಿಗೆ ಅಡ್ಡವಾಗಿದ್ದು, ಹಿಂದಿನ ಆಪರೇಷನ್ನಿನ ಕಾರಣ ಮತ್ತೆ ಎದುರಾಗದಿದ್ದರೆ, ಸರಿಯಾಗಿ ಆರಿಸಿದ ತಾಯಂದಿರಲ್ಲಿ ನೂರಕ್ಕೆ 60ರಿಂದ 80 ಮಂದಿಗೆ ಸಹಜ ಹೆರಿಗೆ ಸಾಧ್ಯವಾಗುತ್ತದೆ. ಆದರೆ ನೋವಿನ ಹೊತ್ತಿನಲ್ಲಿ ಸುಮಾರು 200ರಲ್ಲಿ ಒಬ್ಬರಿಗೆ ಹಳೆಯ ಹೊಲಿಗೆ ಬಿಚ್ಚಿಕೊಳ್ಳುವ ಅಪಾಯವಿರುವುದರಿಂದ, ಆ ಪ್ರಯತ್ನವು ಆಪರೇಷನ್ ಕೊಠಡಿ, ಅರಿವಳಿಕೆ ತಜ್ಞರು ಮತ್ತು ರಕ್ತ ಸಿದ್ಧವಿರುವ ಆಸ್ಪತ್ರೆಯಲ್ಲಿ ಮಾತ್ರ ನಡೆಯಬೇಕು. ಮೊದಲ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ ಎಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ. ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷವೂ ಕಳೆದಿರದಿದ್ದರೆ ಈ ಅಪಾಯ ಹೆಚ್ಚುತ್ತದೆ.

ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿರುವ ಮನೆಗಳಲ್ಲಿ ಎರಡನೆಯ ಬಸಿರೇ ಹೆಚ್ಚು ಎಚ್ಚರ ಬೇಡುವಂಥದ್ದು. ಮೊದಲ ಮಗು ಪಾಸಿಟಿವ್ ಆಗಿದ್ದು, ಹೆರಿಗೆಯಾದ 72 ಗಂಟೆಗಳೊಳಗೆ ಆಂಟಿ-ಡಿ ಚುಚ್ಚುಮದ್ದು ಬಿದ್ದಿರದಿದ್ದರೆ ತಾಯಿಯ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟಿಕೊಂಡು ಈಗಿನ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯಬಹುದು. ಮೊದಲ ಮಗು ಆರೋಗ್ಯವಾಗಿ ಹುಟ್ಟಿತ್ತೆಂಬುದು ಇಲ್ಲಿ ಸಮಾಧಾನದ ಮಾತಾಗುವುದಿಲ್ಲ. ಇನ್ನು ರಕ್ತಹೀನತೆಯ ಮಾತು. ಮೊದಲ ಬಾಣಂತನದಲ್ಲಿ ಕಳೆದುಕೊಂಡ ಕಬ್ಬಿಣಾಂಶ ತುಂಬಿಕೊಳ್ಳುವ ಮೊದಲೇ ಮತ್ತೆ ಬಸಿರಾದವರಲ್ಲಿ ಹಿಮೋಗ್ಲೋಬಿನ್ 11 ಗ್ರಾಂ ಮುಟ್ಟುವುದೇ ಕಷ್ಟ, ಮತ್ತು ಅಂಥವರಿಗೆ ಹೆರಿಗೆಯ ಹೊತ್ತಿನ ಸ್ವಲ್ಪ ರಕ್ತಸ್ರಾವವೂ ಭಾರವಾಗುತ್ತದೆ. ಕಬ್ಬಿಣದ ಮಾತ್ರೆಯನ್ನು ಬಸಿರಿನಲ್ಲಿ 180 ದಿನ, ಹೆರಿಗೆಯ ನಂತರ ಇನ್ನೂ 180 ದಿನ ನುಂಗಬೇಕು. ಎರಡನೆಯ ಅರ್ಧವನ್ನು ಬಹುತೇಕರು ಮರೆಯುತ್ತಾರೆ.

ಹೆರಿಗೆಯಾದ ಮೇಲೆ ಕಿಬ್ಬೊಟ್ಟೆಯಲ್ಲಿ ಹಿಂಡುವ ನೋವು ಎರಡನೆಯ ಬಾರಿ ಹೆಚ್ಚು, ಅದರಲ್ಲೂ ಮಗು ಮೊಲೆ ಚೀಪುವಾಗ. ಗರ್ಭಕೋಶ ಬಿಗಿದುಕೊಳ್ಳುವ ಒಳ್ಳೆಯ ಲಕ್ಷಣವದು, ಮಾತ್ರೆಯಿಂದ ತಗ್ಗಿಸಬಹುದು. ಆದರೆ ಗಂಟೆಗೊಂದು ಪ್ಯಾಡ್ ತೊಯ್ದರೆ, ಜ್ವರ ಬಂದರೆ, ಒಂದು ಕಾಲು ಮಾತ್ರ ಊದಿಕೊಂಡು ನೋಯುತ್ತಿದ್ದರೆ ಒಂದು ರಾತ್ರಿಯೂ ತಡೆಯಬಾರದು.

ಆಸ್ಪತ್ರೆಯಿಂದ ಮನೆಗೆ ಹೋಗುವ ದಿನದ ಬಗ್ಗೆ ನಾನು ಸ್ವಲ್ಪ ದೀರ್ಘವಾಗಿಯೇ ಮಾತಾಡುತ್ತೇನೆ, ಏಕೆಂದರೆ ಅಂದು ಎರಡೂವರೆ ಮೂರು ವರ್ಷದ ಪುಟ್ಟ ಜೀವವೊಂದಕ್ಕೆ ಲೋಕವೇ ಬದಲಾಗುತ್ತಿರುತ್ತದೆ. ಚೊಚ್ಚಲು ಹೆರಿಗೆಗೆ ತವರಿಗೆ ಹೋದವಳ ಎರಡನೆಯ ಬಾಣಂತನ ಹಲವು ಮನೆಗಳಲ್ಲಿ ಗಂಡನ ಮನೆಯಲ್ಲೇ ಆಗುತ್ತದೆ, ಆಗ ದೊಡ್ಡ ಮಗುವನ್ನು ಅಜ್ಜಿಯ ಊರಿಗೆ ಕಳಿಸಿಬಿಡುವುದುಂಟು. ತಾಯಿಗೆ ವಿಶ್ರಾಂತಿ ಸಿಗಲೆಂಬ ಉದ್ದೇಶ ಒಳ್ಳೆಯದೇ. ಆದರೆ ಅಮ್ಮ ಕಾಣೆಯಾಗಿ, ತಿಂಗಳ ನಂತರ ಹೊಸ ಪಾಪುವಿನೊಂದಿಗೆ ಕಾಣಿಸಿಕೊಂಡರೆ ಆ ಮಗು ಅದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ಸಾಧ್ಯವಾದಷ್ಟೂ ದೊಡ್ಡ ಮಗು ಅದೇ ಮನೆಯಲ್ಲಿರಲಿ, ಆಸ್ಪತ್ರೆಗೊಮ್ಮೆ ಬಂದು ತಾಯಿಯನ್ನು ನೋಡಿಹೋಗಲಿ.

ನಮ್ಮ ವಾರ್ಡಿನಲ್ಲಿ ಕಂಡ ಒಂದು ಸಂದರ್ಭ ಹೇಳುತ್ತೇನೆ. ಮೂರು ವರ್ಷದ ಹುಡುಗಿ ಅಪ್ಪನ ಕೈಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಾಯಿಯ ತೋಳಲ್ಲಿ ಪಾಪು ಇದ್ದುದನ್ನು ಕಂಡು ಒಳಗೆ ಬರಲೊಲ್ಲದೆ ಅಪ್ಪನ ಕಾಲಿಗೆ ಅಂಟಿಕೊಂಡಳು. ನಮ್ಮ ಹಿರಿಯ ನರ್ಸ್ ಮಾತಿಲ್ಲದೆ ಪಾಪುವನ್ನು ಎತ್ತಿ ಅಜ್ಜಿಯ ಮಡಿಲಿಗೆ ಕೊಟ್ಟರು. ತಾಯಿಯ ಕೈ ಖಾಲಿಯಾದದ್ದೇ ತಡ, ಹುಡುಗಿ ಓಡಿಬಂದು ಮಂಚ ಹತ್ತಿ ತಾಯಿಯ ಪಕ್ಕೆಗೆ ಸೇರಿಕೊಂಡಳು, ತುಸು ಹೊತ್ತಿನ ಮೇಲೆ ತಾನಾಗಿಯೇ ‘ಪಾಪು ಎಲ್ಲಿ’ ಎಂದು ಕೇಳಿದಳು. ಅಂದಿನಿಂದ ನಾನು ಎಲ್ಲರಿಗೂ ಇದನ್ನೇ ಸೂಚಿಸುತ್ತೇನೆ: ಮನೆಯ ಹೊಸ್ತಿಲು ದಾಟುವಾಗ ಪಾಪುವನ್ನು ಬೇರೆ ಯಾರಾದರೂ ಎತ್ತಿಕೊಳ್ಳಲಿ, ತಾಯಿಯ ಕೈ ದೊಡ್ಡ ಮಗುವಿಗಾಗಿ ಬಿಡುವಾಗಿರಲಿ, ಆರತಿ ಎತ್ತುವಾಗ ಇಬ್ಬರು ಮಕ್ಕಳನ್ನೂ ಒಟ್ಟಿಗೆ ನಿಲ್ಲಿಸಿ ಎತ್ತಿರಿ. ‘ಇನ್ನು ಅಮ್ಮ ನಿನ್ನವಳಲ್ಲ, ಪಾಪುವಿನವಳು’ ಎಂದು ಬಂದವರು ತಮಾಷೆ ಮಾಡುತ್ತಾರೆ; ಮಗು ಅದನ್ನು ತಮಾಷೆಯೆಂದು ತಿಳಿಯುವುದಿಲ್ಲ, ಮನೆಯ ಹಿರಿಯರು ಆ ಮಾತನ್ನು ಅಲ್ಲಿಯೇ ತಡೆಯಬೇಕು. ಬಿಟ್ಟಿದ್ದ ಬೆರಳು ಚೀಪುವಿಕೆ, ಹಾಸಿಗೆ ಒದ್ದೆ ಮಾಡುವುದು, ತೊದಲು ಮಾತು ಮರಳಿ ಬಂದರೆ ಗದರಬೇಡಿ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅವು ತಾವಾಗಿ ಹೋಗುತ್ತವೆ. ಹಾಗೆಂದು ಪಾಪುವಿನ ಬಳಿ ದೊಡ್ಡ ಮಗುವನ್ನು ಒಂಟಿಯಾಗಿ ಬಿಡಬಾರದು. ಕೆಮ್ಮು ನೆಗಡಿ ಇದ್ದಾಗ ತುಸು ದೂರವಿಡಬೇಕು.

ಹಸುಗೂಸಿನ ಆರೈಕೆ ಗೊತ್ತಿರುವುದೇ ಎಂದು ಅಜ್ಜಿಯರು ಕೈಬಿಡದ ಜೇನುತುಪ್ಪ, ಸಕ್ಕರೆ ನೀರು, ತೇದ ಬಜೆ, ಮುಚ್ಚಿದ ಕೋಣೆಯ ಕೆಂಡದ ಹೊಗೆ ಇವನ್ನು ಈ ಬಾರಿಯಾದರೂ ಬಿಡಿ. ಆರು ತಿಂಗಳು ಎದೆಹಾಲೊಂದೇ ಸಾಕು. ಮೊದಲ ಮಗುವಿಗೆ ಕಾಮಾಲೆಗಾಗಿ ನೀಲಿ ಬೆಳಕಿನ ಚಿಕಿತ್ಸೆ ಕೊಟ್ಟಿದ್ದರೆ ಎರಡನೆಯದಕ್ಕೂ ಬರುವ ಸಂಭವ ಹೆಚ್ಚು, ಮೊದಲ ದಿನದಲ್ಲೇ ಹಳದಿ ಕಂಡರೆ ಅಥವಾ ಅಂಗಾಲಿನವರೆಗೆ ಹಬ್ಬಿದರೆ ಎಳೆಬಿಸಿಲಿಗೆ ಹಿಡಿದು ಕಾಲ ಕಳೆಯದೆ ಆಸ್ಪತ್ರೆಗೆ ಬನ್ನಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರಬೇಕು. ಬಂದಾಗ ಮಗುವಿನ ತೂಕ ಮಾತ್ರವಲ್ಲ, ತಾಯಿ ನಿದ್ದೆ ಮಾಡುತ್ತಿದ್ದಾಳೆಯೇ ಎಂದೂ ಕೇಳಲಿ. ಮೊದಲ ಬಾಣಂತನದಲ್ಲಿ ಖಿನ್ನತೆ ಬಂದಿದ್ದವರಿಗೆ ಅದು ಮರುಕಳಿಸಬಹುದು. ಕಾರಣವಿಲ್ಲದ ಅಳು, ಮಗುವಿನ ಕಡೆ ನಿರಾಸಕ್ತಿ, ಬದುಕೇ ಬೇಡವೆಂಬ ಮಾತು ಇದ್ದರೆ 14416 ಸಂಖ್ಯೆಯ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಬಹುದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ.

ಎರಡನೆಯದೂ ಹೆಣ್ಣಾಯಿತೆಂದು ಬಾಣಂತಿಯ ಊಟ ಉಪಚಾರವೇ ಇಳಿಮುಖವಾಗುವ ಮನೆಗಳಿವೆ, ಇದನ್ನು ಕಂಡಾಗಲೆಲ್ಲ ನನಗೆ ತಡೆಯಲಾರದಷ್ಟು ನೋವಾಗುತ್ತದೆ. ಮಗು ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ತಂದೆಯ ವೀರ್ಯಾಣು. ಹುಟ್ಟುವ ಮೊದಲೇ ಅದನ್ನು ತಿಳಿಯಲು ಹೊರಡುವುದು 1994ರ ಕಾಯಿದೆಯ ಪ್ರಕಾರ ಅಪರಾಧ. ಎರಡನೆಯ ಮಗು ಹೆಣ್ಣಾದರೆ ಅರ್ಹ ಕುಟುಂಬದ ತಾಯಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ 6,000 ರೂಪಾಯಿ ಸಿಗುತ್ತದೆ, ಅಂಗನವಾಡಿಯಲ್ಲಿ ವಿಚಾರಿಸಿ.

ಆರನೆಯ ವಾರದ ತಪಾಸಣೆಗೆ ಗಂಡನೂ ಬರಲಿ. ಕುಟುಂಬ ಇಷ್ಟಕ್ಕೇ ಸಾಕೆನ್ನುವವರು ಹೆಂಡತಿಯ ಆಪರೇಷನ್ ಒಂದನ್ನೇ ಯೋಚಿಸಿ ಬಂದಿರುತ್ತಾರೆ. ಗಂಡಸರಿಗೆ ಮಾಡುವ ಹೊಲಿಗೆಯಿಲ್ಲದ ಸಂತಾನಹರಣ ಚಿಕಿತ್ಸೆ ಅದಕ್ಕಿಂತ ಸರಳವಾದದ್ದು, ಅದೇ ದಿನ ಮನೆಗೆ ಹೋಗಬಹುದಾದದ್ದು ಎಂಬುದನ್ನು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ವಿವರಿಸಲು ನನಗೆ ಆ ಭೇಟಿ ಬೇಕು.