ಧೂಳಿನಲ್ಲಿ ರೈಫಲ್ ಯಾಕೆ ಕೈಕೊಡುತ್ತದೆ?

2007ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅಬರ್ಡೀನ್‌ನಲ್ಲಿರುವ ಸೇನಾ ಪರೀಕ್ಷಾ ಕೇಂದ್ರ ನಾಲ್ಕು ಬಗೆಯ ರೈಫಲ್‌ಗಳನ್ನು ಧೂಳಿಗೆ ಒಡ್ಡಿತು. ಪ್ರತಿ ಬಗೆಯಲ್ಲೂ 10 ರೈಫಲ್. ಮುಚ್ಚಿದ ಕೋಣೆಯಲ್ಲಿಟ್ಟು ಅರ್ಧ ಗಂಟೆ ಧೂಳು ಊದುವುದು, ಆಚೆ ತಂದು 120 ಗುಂಡು ಹಾರಿಸುವುದು, ಮತ್ತೆ ಧೂಳಿಗಿಡುವುದು. 600 ಗುಂಡಿಗೊಮ್ಮೆ ಒರೆಸಿ ಎಣ್ಣೆ ಹಾಕುತ್ತಿದ್ದರು. 1,200 ಗುಂಡಿಗೊಮ್ಮೆ ಪೂರ್ತಿ ಸ್ವಚ್ಛ ಮಾಡುತ್ತಿದ್ದರು. ಹೀಗೆ ಒಂದೊಂದು ರೈಫಲ್‌ನಿಂದ 6,000 ಗುಂಡು, ಒಂದೊಂದು ಬಗೆಯಿಂದ 60,000 ಗುಂಡು.

ಆ ನಾಲ್ಕರಲ್ಲಿ ಎಕ್ಸ್‌ಎಂ8 ಒಟ್ಟು 127 ಸಲ ನಿಂತುಹೋಯಿತು. ಸ್ಕಾರ್ 226 ಸಲ, ಎಚ್‌ಕೆ416 233 ಸಲ. ಎಂ4 ನಿಂತದ್ದು 882 ಸಲ. ಆ ಹೊತ್ತಿಗೆ ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಅಮೆರಿಕದ ಸಾವಿರಾರು ಸೈನಿಕರ ಕೈಯಲ್ಲಿದ್ದದ್ದು ಈ ಎಂ4. ಹೊಸ ರೈಫಲ್ ಬೇಕು ಎಂದು ಸೇನೆಯ ಬೆನ್ನು ಬಿದ್ದಿದ್ದ ಸೆನೆಟರ್ ಟಾಮ್ ಕೋಬರ್ನ್ ಅವರ ಒತ್ತಡದಿಂದಲೇ ಈ ಪರೀಕ್ಷೆ ನಡೆದಿತ್ತು.

ಸೇನೆಯ ವಾದ ಬೇರೆಯಿತ್ತು. ಇಷ್ಟು ಧೂಳು ತಿಂದೂ ಎಂ4ನಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಗುಂಡುಗಳು ಸರಿಯಾಗಿಯೇ ಹಾರಿದವು ಎಂದರು. ಲೆಕ್ಕ ತಪ್ಪಿಲ್ಲ. ಆದರೆ ಅದೇ ಲೆಕ್ಕವನ್ನು ಸೈನಿಕನ ಕಡೆಯಿಂದ ಹಾಕಿ ನೋಡಿ. 60,000ವನ್ನು 882ರಿಂದ ಭಾಗಿಸಿದರೆ 68. ರೈಫಲ್‌ಗೆ ಸಿಕ್ಕಿಸುವ ಗುಂಡಿನ ಡಬ್ಬಿ, ಅಂದರೆ ಒಂದು ಮ್ಯಾಗಜಿನ್‌ಗೆ 30 ಗುಂಡು. ಮಾಮೂಲಿಯಾಗಿ ಒಬ್ಬ ಸೈನಿಕ ಏಳು ಮ್ಯಾಗಜಿನ್, ಅಂದರೆ 210 ಗುಂಡು ಹೊತ್ತಿರುತ್ತಾನೆ. ಅಷ್ಟು ಖಾಲಿಯಾಗುವ ಹೊತ್ತಿಗೆ ಸರಾಸರಿ ಮೂರು ಸಲ ರೈಫಲ್ ಕೈಕೊಡುತ್ತದೆ. ಎಕ್ಸ್‌ಎಂ8 ಆದರೆ ಸುಮಾರು 470 ಗುಂಡಿಗೊಮ್ಮೆ. ನೂರಕ್ಕೆ 98 ಎನ್ನುವುದು ಪರೀಕ್ಷೆಯಲ್ಲಿ ಒಳ್ಳೆಯ ಅಂಕ. ಗುಂಡಿನ ಚಕಮಕಿಯಲ್ಲಿ ಅಷ್ಟೇನೂ ಒಳ್ಳೆಯದಲ್ಲ.

ನಿಂತುಹೋಗುವುದರಲ್ಲೂ ಮೂರು ದರ್ಜೆ ಇವೆ. ಸೈನಿಕ ತಾನೇ 10 ಸೆಕೆಂಡಿನೊಳಗೆ ಸರಿಮಾಡಬಹುದಾದದ್ದು ಒಂದನೆಯದು. ಇನ್ನೂ ಜಾಸ್ತಿ ಹೊತ್ತು ಹಿಡಿದರೂ ಅವನೇ ಸರಿಮಾಡಬಹುದಾದದ್ದು ಎರಡನೆಯದು. ಆಯುಧ ರಿಪೇರಿಯವನೇ ಬೇಕಾಗುವುದು ಮೂರನೆಯದು. ಎಂ4ನ 882ರಲ್ಲಿ 863 ಮೊದಲೆರಡು ದರ್ಜೆಯವು. ಅಷ್ಟೇ ತಾನೇ ಅನ್ನಿಸಬಹುದು. ಆದರೆ ಎದುರಿನವನು ಗುರಿ ಹಿಡಿದಿರುವಾಗ 10 ಸೆಕೆಂಡು ಎಷ್ಟು ಉದ್ದ ಎಂದು ಒಮ್ಮೆ ಎಣಿಸಿ ನೋಡಿ.

ರೈಫಲ್ ಒಳಗೆ ಏನಾಗುತ್ತದೆ ಎಂದು ತಿಳಿದರೆ ಧೂಳು ಎಲ್ಲಿ ಅಡ್ಡಗಾಲು ಹಾಕುತ್ತದೆ ಎನ್ನುವುದೂ ತಿಳಿಯುತ್ತದೆ. ಗುಂಡು ಹಾರಿದಾಗ ಹಿಂದಿನಿಂದ ತಳ್ಳುವ ಬಿಸಿ ಅನಿಲದ ಒಂದು ಪಾಲು ನಳಿಗೆಯ ಸಣ್ಣ ತೂತಿನಿಂದ ಹೊರಬರುತ್ತದೆ. ಆ ಅನಿಲ ಬೋಲ್ಟನ್ನು, ಅಂದರೆ ನಳಿಗೆಯ ಹಿಂಬದಿಯನ್ನು ಮುಚ್ಚಿಡುವ ಲೋಹದ ತುಂಡನ್ನು, ಹಿಂದಕ್ಕೆ ತಳ್ಳುತ್ತದೆ. ಬೋಲ್ಟು ಬೀಗ ಬಿಚ್ಚಿಕೊಂಡು, ಖಾಲಿ ತೋಟಾವನ್ನು ಎಳೆದು ಆಚೆ ಎಸೆಯುತ್ತದೆ. ಹಿಂದಿರುವ ಸ್ಪ್ರಿಂಗನ್ನು ಒತ್ತುತ್ತದೆ. ಈಗ ಸ್ಪ್ರಿಂಗ್ ಬೋಲ್ಟನ್ನು ಮುಂದಕ್ಕೆ ದಬ್ಬುತ್ತದೆ. ಬರುವ ದಾರಿಯಲ್ಲಿ ಅದು ಮ್ಯಾಗಜಿನ್‌ನಿಂದ ಹೊಸ ತೋಟಾ ಕಿತ್ತು, ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಚೇಂಬರಿಗೆ ನೂಕಿ, ಮತ್ತೆ ಬೀಗ ಹಾಕಿಕೊಳ್ಳಬೇಕು. ಇಷ್ಟೂ ಕೆಲಸ ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಮುಗಿಯುತ್ತದೆ.

ಹಿಂದಕ್ಕೆ ಹೋಗುವಾಗ ಅನಿಲದ ಬಲ ಧಾರಾಳವಾಗಿರುತ್ತದೆ. ಮುಂದಕ್ಕೆ ಬರುವಾಗ ಇರುವುದು ಸ್ಪ್ರಿಂಗ್ ಕೂಡಿಟ್ಟುಕೊಂಡ ಬಲ ಮಾತ್ರ. ಅದಕ್ಕೊಂದು ಮಿತಿಯಿದೆ. ಸವೆತ, ಕೊಳೆ, ಧೂಳು ಎಲ್ಲವೂ ತಮ್ಮ ಪಾಲು ಕಿತ್ತುಕೊಳ್ಳುವುದು ಆ ಮಿತಿಯೊಳಗೇ. ಬೋಲ್ಟು ಪೂರ್ತಿ ಮುಂದಕ್ಕೆ ಬಂದು ಬೀಗ ಹಾಕಿಕೊಳ್ಳುವ ಮೊದಲೇ ಬಲ ಮುಗಿದರೆ ರೈಫಲ್ ಅಲ್ಲಿಗೇ ನಿಲ್ಲುತ್ತದೆ. ಎಂ4 ಮತ್ತು ಅದಕ್ಕೆ ಮೂಲವಾದ ಎಂ16ನ ಬಲಗಡೆ ಒತ್ತುವ ಒಂದು ಗುಂಡಿ ಇರುತ್ತದೆ. ಹೀಗೆ ಅರ್ಧಕ್ಕೆ ನಿಂತ ಬೋಲ್ಟನ್ನು ಕೈಯಿಂದ ಮುಂದೆ ನೂಕಲೆಂದೇ ಅದನ್ನು ಇಟ್ಟಿದ್ದಾರೆ.

ಇನ್ನು ಧೂಳು. ಮರುಭೂಮಿ ಎಂದರೆ ದಪ್ಪ ಮರಳು ಎಂದುಕೊಳ್ಳುತ್ತೇವೆ. ರೈಫಲ್‌ಗೆ ದಪ್ಪ ಮರಳಿಗಿಂತ ನುಣುಪು ಧೂಳೇ ದೊಡ್ಡ ಕಾಟ. ಇರಾಕ್ ಮತ್ತು ಅಫ್ಘಾನಿಸ್ತಾನದ ಎಷ್ಟೋ ಕಡೆ ನೆಲದ ಮಣ್ಣು ಟಾಲ್ಕಂ ಪೌಡರಿನಷ್ಟು ನುಣ್ಣಗಿದೆ. ಲಾರಿ ಹೋದರೆ, ಹೆಲಿಕಾಪ್ಟರ್ ಇಳಿದರೆ ಏಳುವ ಆ ಧೂಳು ಕೂದಲೆಳೆಯಷ್ಟು ಸಂದಿಗೂ ನುಗ್ಗುತ್ತದೆ. ಅದರಲ್ಲಿ ಸ್ಫಟಿಕಶಿಲೆಯ ಕಣಗಳಿರುತ್ತವೆ. ಖನಿಜಗಳ ಗಡಸುತನ ಅಳೆಯುವ, 1ರಿಂದ 10ರವರೆಗಿನ ಮೊಹ್ಸ್ ಅಳತೆಯಲ್ಲಿ ಅವುಗಳ ಗಡಸುತನ 7. ಸಾಮಾನ್ಯ ಉಕ್ಕಿನ ಮೇಲೆ ಗೀರು ಹಾಕಲು ಅಷ್ಟು ಸಾಕು.

ಎಣ್ಣೆಯ ವಿಷಯದಲ್ಲಿ ಸೈನಿಕರ ನಡುವೆ ಹಳೆಯ ಜಗಳವಿದೆ. ಎಣ್ಣೆ ಹಾಕಿದರೆ ಧೂಳು ಅಂಟುತ್ತದೆ, ಆದ್ದರಿಂದ ಮರುಭೂಮಿಯಲ್ಲಿ ರೈಫಲ್ ಒಣಗಿಯೇ ಇರಲಿ ಎಂದು ಒಂದು ಗುಂಪು. ಕೇಳಿದರೆ ಸರಿ ಅನ್ನಿಸುತ್ತದೆ, ಅಲ್ವಾ? ಸೇನೆಯ ಧೂಳು ಪರೀಕ್ಷೆಗಳು ಇದಕ್ಕೆ ಉಲ್ಟಾ ಹೇಳಿದವು. ಎಣ್ಣೆ ಧಾರಾಳವಾಗಿ ಹಾಕಿದ ಎಂ4ಗಳು, ಕಡಿಮೆ ಹಾಕಿದವುಗಳಿಗಿಂತ ಕಡಿಮೆ ಸಲ ನಿಂತವು. ಒಣ ಲೋಹದ ನಡುವೆ ಸಿಕ್ಕಿದ ಕಣ ಅಲ್ಲೇ ಕಚ್ಚಿಕೊಳ್ಳುತ್ತದೆ. ಎಣ್ಣೆಯಿದ್ದರೆ ಕಣ ತೇಲುತ್ತದೆ, ಜಾರುತ್ತದೆ, ಸುಟ್ಟ ಪುಡಿಯ ಮಸಿಯೂ ಗಟ್ಟಿಯಾಗದೆ ಮೆತ್ತಗಿರುತ್ತದೆ. ಆದರೆ ಆ ಎಣ್ಣೆಯನ್ನು ಆಗಾಗ ಒರೆಸಿ ಹೊಸದು ಹಾಕುತ್ತಿರಬೇಕು. ಹಾಗೇ ಬಿಟ್ಟರೆ ಎಣ್ಣೆಯೂ ಧೂಳೂ ಕಲೆತು ಲೋಹ ಉಜ್ಜುವ ಪೇಸ್ಟ್ ಆಗುತ್ತದೆ. ಮ್ಯಾಗಜಿನ್ ಮತ್ತು ತೋಟಾಗಳ ಮಾತು ಬೇರೆ. ಅವು ಒಣಗಿದ್ದಷ್ಟೂ ಒಳ್ಳೆಯದು.

ರೈಫಲ್‌ಗಳ ಮಾತು ಬಂದಲ್ಲೆಲ್ಲ ಎಕೆ-47 ಬಂದೇ ಬರುತ್ತದೆ. ಮಿಖಾಯಿಲ್ ಕಲಾಶ್ನಿಕೋವ್ ಅದರಲ್ಲಿ ಚಲಿಸುವ ಭಾಗಗಳ ನಡುವೆ ಸಾಕಷ್ಟು ಸಂದಿ ಬಿಟ್ಟರು. ಕೊಳೆ ಬಂದರೆ ಪಕ್ಕಕ್ಕೆ ಸರಿಯಲು ಜಾಗ ಇರುತ್ತದೆ. ಅದರ ಪಿಸ್ಟನ್ ಮತ್ತು ಬೋಲ್ಟ್ ಹೊತ್ತ ಭಾಗ ಒಟ್ಟಿಗೇ ಓಡುತ್ತವೆ. ಭಾರ ಜಾಸ್ತಿ, ಹಾಗಾಗಿ ರಭಸವೂ ಜಾಸ್ತಿ. ತೋಟಾ ತುದಿಯ ಕಡೆ ಸಣ್ಣಗಾಗುತ್ತಾ ಹೋಗುವುದರಿಂದ ಚೇಂಬರಿನಿಂದ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಆದರೆ ಎಕೆ ಎಂದೂ ನಿಲ್ಲುವುದಿಲ್ಲ ಎನ್ನುವುದು ಸುಮ್ನೆ ಬೆಳೆದ ಮಾತು. ಸೇಫ್ಟಿ ಸನ್ನೆಯನ್ನು ಕೆಳಗೆ ಇಳಿಸಿದಾಗ ಅದರ ಬಲಮಗ್ಗುಲಲ್ಲಿ ಉದ್ದದ ಸೀಳು ತೆರೆದುಕೊಳ್ಳುತ್ತದೆ. ಅಲ್ಲಿಂದ ಕೆಸರು ನುಗ್ಗಿದರೆ ಅದೂ ನಿಲ್ಲುತ್ತದೆ. ಯೂಜಿನ್ ಸ್ಟೋನರ್ ವಿನ್ಯಾಸದಿಂದ ಬಂದ ಎಂ16 ಮತ್ತು ಎಂ4 ದಾರಿ ಬೇರೆ. ಕೊಳೆ ಒಳಗೇ ಬರದಂತೆ ಬಿಗಿಯಾಗಿ ಮುಚ್ಚಿಡುವುದು, ತೋಟಾ ಹಾರಿಬರುವ ಕಿಂಡಿಗೂ ಒಂದು ಮುಚ್ಚಳ. ಕೆಸರು ಹೊರಗಿರುವ ತನಕ ಇದು ಚೆನ್ನಾಗಿ ನಡೆಯುತ್ತದೆ. ಆದರೆ ಈ ವಿನ್ಯಾಸದಲ್ಲಿ ಬಿಸಿ ಅನಿಲ ನೇರವಾಗಿ ಬೋಲ್ಟಿನ ಜಾಗಕ್ಕೇ ಬರುತ್ತದೆ. ಮಸಿ ತಂದು ಸುರಿಯುತ್ತದೆ, ಎಣ್ಣೆ ಒಣಗಿಸುತ್ತದೆ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಮುಂದೆ ಬಂದ ಮೂರೂ ರೈಫಲ್‌ಗಳಲ್ಲಿ ಅನಿಲ ತಳ್ಳುವುದು ಬೇರೆಯೇ ಒಂದು ಪಿಸ್ಟನ್ನನ್ನು. ಮಸಿ ಮುಂದೆಯೇ ಉಳಿಯುತ್ತದೆ.

ಬಿಗಿ ಅಳತೆಗೆ ಸೈನಿಕರು ಬೆಲೆ ತೆತ್ತದ್ದು ಅದಕ್ಕೂ ಬಹಳ ಹಿಂದಿನ ಕಥೆ. ಮೊದಲ ಮಹಾಯುದ್ಧಕ್ಕೆ ಕೆನಡಾ ಸೈನಿಕರು ರಾಸ್ ರೈಫಲ್ ಹಿಡಿದು ಹೋದರು. ಗುರಿಕಾರರು ಮೆಚ್ಚಿದ ರೈಫಲ್ ಅದು. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಕದನದಲ್ಲಿ ಕೆಸರೂ ಬಿಸಿಯೂ ಸೇರಿದವು. ಅದರ ಬಿಗಿ ಚೇಂಬರಿಗೆ, ಅಳತೆಯಲ್ಲಿ ಸ್ವಲ್ಪ ಆಚೀಚೆ ಇದ್ದ ಬ್ರಿಟಿಷ್ ತೋಟಾಗಳು ಹೊಂದಲಿಲ್ಲ. ಬೋಲ್ಟು ತೆಗೆಯಲು ಸೈನಿಕರು ಬೂಟುಗಾಲಿನಿಂದ ಒದೆಯಬೇಕಾಯಿತು. ಸತ್ತು ಬಿದ್ದ ಬ್ರಿಟಿಷರ ಲೀ-ಎನ್‌ಫೀಲ್ಡ್ ರೈಫಲ್ ಎತ್ತಿಕೊಂಡು, ತಮ್ಮದನ್ನು ಎಸೆದವರು ಎಷ್ಟೋ ಜನ. 1916ರಲ್ಲಿ ಸೇನೆ ಅದನ್ನು ಮುಂಚೂಣಿಯ ಸಿಪಾಯಿಗಳಿಂದ ವಾಪಸು ಪಡೆಯಿತು.

ಅಬರ್ಡೀನ್ ಪರೀಕ್ಷೆಯ ಬಗ್ಗೆ ನನ್ನನ್ನು ತುಂಬ ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಖ್ಯೆ. ಅದೇ 2007ರ ಬೇಸಿಗೆಯಲ್ಲಿ, ಇದೇ ಬಗೆಯ ಧೂಳು ಪರೀಕ್ಷೆಯಲ್ಲಿ ಎಂ4 ನಿಂತದ್ದು 307 ಸಲ ಮಾತ್ರ. ಕೆಲವೇ ತಿಂಗಳ ನಂತರ 882. ಅದೇ ಮಾದರಿಯ ರೈಫಲ್, ಸುಮಾರು ಮೂರು ಪಟ್ಟು ವ್ಯತ್ಯಾಸ! ಬೇಸಿಗೆಯ ಅಂಕಿಯನ್ನೇ ಇಟ್ಟುಕೊಂಡರೂ ಎಂ4 ಕೊನೆಯ ಸ್ಥಾನದಲ್ಲೇ ಇರುತ್ತದೆ ಎನ್ನುವುದು ನಿಜ. ಆದರೆ ಉಳಿದ ಮೂರನ್ನು ಹೀಗೆ ಎರಡು ಸಲ ಪರೀಕ್ಷಿಸಿದ್ದರೆ ಅವುಗಳ ಅಂಕಿ ಎಷ್ಟು ಏರುಪೇರಾಗುತ್ತಿತ್ತು? 127, 226, 233 ಎನ್ನುವ ಸಂಖ್ಯೆಗಳನ್ನು ರೈಫಲ್ ಮೇಲೆ ಕೆತ್ತಿದ ಗುಣ ಎಂಬಂತೆ ಹೇಳುವವರು ಈ 307 ಅನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು. ಗಟ್ಟಿತನ ಒಂಟಿ ರೈಫಲ್‌ನಲ್ಲಿ ಇರುವುದಿಲ್ಲ. ತೋಟಾ, ಮ್ಯಾಗಜಿನ್, ಎಣ್ಣೆ, ಆ ದಿನದ ಧೂಳು, ಒರೆಸುವ ಕೈ, ಇಷ್ಟೂ ಸೇರಿದಾಗ ಬರುವ ಮೊತ್ತ ಅದು.

2003ರ ಮಾರ್ಚ್ 23ರಂದು ಇರಾಕಿನ ನಾಸಿರಿಯಾದಲ್ಲಿ ಆದದ್ದು ಇದಕ್ಕೆ ನೋವಿನ ಉದಾಹರಣೆ. ಅಮೆರಿಕದ 507ನೇ ನಿರ್ವಹಣಾ ಕಂಪನಿಯ ವಾಹನಗಳು ದಾರಿ ತಪ್ಪಿ ಊರೊಳಗೆ ಹೋಗಿ ದಾಳಿಗೆ ಸಿಕ್ಕವು. 11 ಸೈನಿಕರು ಸತ್ತರು. ಹಲವರ ರೈಫಲ್‌ಗಳು ನಡುವೆ ನಿಂತುಹೋದವು. ಮರುಭೂಮಿಯಲ್ಲಿ ಆಯುಧಗಳನ್ನು ಸರಿಯಾಗಿ ನೋಡಿಕೊಳ್ಳದಿದ್ದದ್ದು ಕಾರಣವಿರಬಹುದು ಎಂದು ಸೇನೆಯ ವರದಿ ಹೇಳಿತು. ಈ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅವರು ನಿದ್ದೆಗೆಟ್ಟು, ಧೂಳಿನಲ್ಲೇ ದಿನಗಟ್ಟಲೆ ವಾಹನ ಓಡಿಸಿಕೊಂಡು ಬಂದವರು. ಅಂಥವರು ಗಂಟೆಗಟ್ಟಲೆ ಕೂತು ಒರೆಸಿದರಷ್ಟೇ ಓಡುವ ರೈಫಲ್ ಕೊಟ್ಟು, ಕೊನೆಗೆ ಒರೆಸಲಿಲ್ಲ ಎಂದು ಅವರ ಮೇಲೆಯೇ ಹೊರೆ ಹಾಕುವುದು ಸರಿಯಲ್ಲ.

ಹಾಗೆಂದು ಎಲ್ಲವನ್ನೂ ಧೂಳಿನ ತಲೆಗೆ ಕಟ್ಟುವಂತೆಯೂ ಇಲ್ಲ. 2008ರ ಜುಲೈ 13ರಂದು ಅಫ್ಘಾನಿಸ್ತಾನದ ವಾನತ್‌ನಲ್ಲಿ 9 ಅಮೆರಿಕನ್ ಸೈನಿಕರು ಸತ್ತ ಕದನದಲ್ಲೂ ಎಂ4ಗಳು ಕೈಕೊಟ್ಟವು. ಅಲ್ಲಿ ದೊಡ್ಡ ಕಾರಣ ಬಿಸಿ. ಎಂ4ನಿಂದ ಬಹಳ ಹೊತ್ತು ಹಾರಿಸುತ್ತಲೇ ಇರಬೇಕಾದರೆ ನಿಮಿಷಕ್ಕೆ 12ರಿಂದ 15 ಗುಂಡು ದಾಟಬಾರದು. ಸುತ್ತಲೂ ಶತ್ರುಗಳಿದ್ದಾಗ ಆ ಲೆಕ್ಕ ಯಾರು ಇಡುತ್ತಾರೆ?

882ರೊಳಗೆ ಇನ್ನೊಂದು ವಿವರ ಅಡಗಿತ್ತು. ಅವುಗಳಲ್ಲಿ 239 ಸಲ ತಪ್ಪು ರೈಫಲ್‌ನದ್ದಲ್ಲ, ಮ್ಯಾಗಜಿನ್‌ನದ್ದು. ಮ್ಯಾಗಜಿನ್ ಒಳಗೆ ತೋಟಾಗಳನ್ನು ಕೆಳಗಿನಿಂದ ಮೇಲೆತ್ತುವ ಒಂದು ಪ್ಲಾಸ್ಟಿಕ್ ತುಂಡು ಇರುತ್ತದೆ. ಧೂಳು ಸೇರಿದಾಗ ಅದು ಓರೆಯಾದರೆ ತೋಟಾ ಸರಿಯಾದ ಕೋನದಲ್ಲಿ ಮೇಲೆ ಬರುವುದಿಲ್ಲ. ಬೋಲ್ಟು ಅದನ್ನು ಹಿಡಿಯಲಾರದೆ ನಿಲ್ಲುತ್ತದೆ. 2009ರಲ್ಲಿ ಸೇನೆ ಓರೆಯಾಗದಂಥ ಹೊಸ ಆಕಾರದ ತುಂಡನ್ನು ತಂದಿತು. ಹಳೆಯದರಿಂದ ಬೇರೆಯಾಗಿ ಕಾಣಲೆಂದು ಹಸಿರಿನ ಬದಲು ಮಣ್ಣಿನ ಬಣ್ಣ, ಜೊತೆಗೆ ಇನ್ನಷ್ಟು ಬಲವಾದ ಸ್ಪ್ರಿಂಗ್. ಮ್ಯಾಗಜಿನ್‌ನಿಂದಾಗಿ ರೈಫಲ್ ನಿಲ್ಲುವುದು ಇದರಿಂದ ಸುಮಾರು ಅರ್ಧಕ್ಕೆ ಇಳಿಯಿತು ಎಂದು ಸೇನೆ ಹೇಳಿತು. ಹೊಸ ರೈಫಲ್ ಆರಿಸುವ ಸ್ಪರ್ಧೆ ಮಾತ್ರ ವರ್ಷಗಟ್ಟಲೆ ನಡೆದು, 2013ರಲ್ಲಿ ಯಾವುದನ್ನೂ ಆರಿಸದೆ ನಿಂತಿತು.