ಗೇಟಿನ ಚಿಲಕ ಸದ್ದಾದಾಗ

ಅಪ್ಪ ಹೋಗಿ ಎರಡು ತಿಂಗಳಾಗಿತ್ತು. ಸಂಜೆ ಆರೂವರೆಗೆ ಅಮ್ಮ ಟಿ.ವಿ. ಮುಂದೆ ಕೂತಿದ್ದಳು. ಗೇಟಿನ ಚಿಲಕ ಸದ್ದಾಯಿತು. ಅವಳ ಕೈ ತಾನಾಗೇ ರಿಮೋಟಿಗೆ ಹೋಗಿ ವಾಲ್ಯೂಮ್ ತಗ್ಗಿಸಿತು. ಧಾರಾವಾಹಿಗಳ ಗಲಾಟೆ ಅಪ್ಪನಿಗೆ ಆಗುತ್ತಿರಲಿಲ್ಲ. ಬಂದವನು ಪಕ್ಕದ ಮನೆಯ ಹುಡುಗ. ಅವನು ಹೋದ ಮೇಲೆ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು: "ರಾತ್ರಿ ಅವರ ಚಪ್ಪಲಿ ಸದ್ದೂ ಕೇಳುತ್ತೆ ಕಣೋ. ಯಾರಿಗೂ ಹೇಳ್ಬೇಡ. ನಂಗೇನಾದ್ರೂ ತಲೆ ಕೆಟ್ಟಿದೆಯಾ?"

ಕೆಟ್ಟಿರಲಿಲ್ಲ. ವೇಲ್ಸ್‌ನ ಹಳ್ಳಿಗಾಡಿನಲ್ಲಿ ವೈದ್ಯರಾಗಿದ್ದ ಡೆವಿ ರೀಸ್ ಎಂಬುವರು, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಒಂದು ವರದಿ ಬರೆದರು. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ಇಂಥ ಅನುಭವ ಆಗಿತ್ತು. ಹೆಚ್ಚಿನವರಿಗೆ ಸುಮ್ನೆ 'ಇಲ್ಲೇ ಎಲ್ಲೋ ಇದ್ದಾರೆ' ಅನ್ನಿಸುತ್ತಿತ್ತು. ಕೆಲವರಿಗೆ ದನಿ ಕೇಳಿಸಿತ್ತು, ಕೆಲವರಿಗೆ ಕಂಡೂ ಇದ್ದರು. ಜಾಸ್ತಿ ವರ್ಷ ಸಂಸಾರ ಮಾಡಿದವರಲ್ಲಿ ಇದೂ ಜಾಸ್ತಿ. ಅನುಭವ ಆದ ಹತ್ತು ಜನರಲ್ಲಿ ಏಳು ಮಂದಿ ಅದನ್ನು ಯಾರಿಗೂ ಹೇಳಿರಲಿಲ್ಲ. ಅಲ್ಲೂ ಅದೇ, 'ಯಾರಿಗೂ ಹೇಳ್ಬೇಡ'. ಹೆದರಿಕೆ ಆಗುತ್ತಿತ್ತಾ ಅಂದರೆ ಅದೂ ಇಲ್ಲ. ಹೆಚ್ಚಿನವರಿಗೆ ಅದರಿಂದ ಸಮಾಧಾನವೇ ಆಗುತ್ತಿತ್ತು.

ಇದು ಯಾಕಾಗುತ್ತದೆ? ನಮ್ಮ ಮಿದುಳು ಬಂದದ್ದನ್ನಷ್ಟೇ ನೋಡಿಕೊಂಡು ಕೂರುವುದಿಲ್ಲ. ಮುಂದೆ ಏನು ಬರಲಿದೆ ಎಂದು ಮೊದಲೇ ಅಂದಾಜು ಹಾಕಿಟ್ಟಿರುತ್ತದೆ. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ಮಿದುಳಿನ ವಿಜ್ಞಾನಿಗಳಾದ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರ ಪ್ರಯೋಗಾಲಯ ಇದೆ. 2014ರ ನೊಬೆಲ್ ಪಡೆದವರು ಅವರು. ಅಲ್ಲಿ ಇಲಿಗಳನ್ನು ಒಂದು ಪೆಟ್ಟಿಗೆಯಲ್ಲಿ ಓಡಾಡಲು ಬಿಟ್ಟು, ಒಳಗೊಂದು ವಸ್ತು ಇಟ್ಟರು. ಆಮೇಲೆ ತೆಗೆದರು. ಇಲಿ ಆ ಖಾಲಿ ಜಾಗಕ್ಕೆ ಬಂದಾಗಲೆಲ್ಲ ಮಿದುಳಿನ ಕೆಲವು ಕೋಶಗಳು ಮಿಡಿದವು. ವಸ್ತು ಇದ್ದ ಜಾಗಕ್ಕೆ, ಅದು ಹೋದ ಮೇಲೆ. ಇಲಿಯ ಪೆಟ್ಟಿಗೆಗೂ ನಮ್ಮ ಮನೆಯ ಗೇಟಿಗೂ ತುಂಬ ದೂರ ಇದೆ, ಗೊತ್ತು. ಆದರೂ ಇದನ್ನು ಓದಿದ ದಿನ ನನಗೆ ಆ ರಿಮೋಟು ನೆನಪಾಯಿತು.

ದುಃಖವನ್ನೇ ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಮೇರಿ-ಫ್ರಾನ್ಸಿಸ್ ಓಕಾನರ್, ದುಃಖಪಡುವುದು ಒಂದು ಬಗೆಯ ಕಲಿಕೆ ಅನ್ನುತ್ತಾರೆ. ನನಗೆ ಇದು ಲೆಕ್ಕದ ಹಾಗೆ ಕಾಣುತ್ತದೆ. ನಲವತ್ತು ವರ್ಷದ ಸಂಸಾರ ಅಂದರೆ 14,600 ಸಂಜೆಗಳು. ಅಷ್ಟೂ ಸಂಜೆ ಚಿಲಕ ಸದ್ದಾದರೆ ಅಪ್ಪ ಬಂದ ಅಂತಲೇ ಅರ್ಥ. ಅಪ್ಪ ಬಾರದ ಸಂಜೆಗಳು ಆಗ ಬರೀ ಅರವತ್ತು. ಅಪ್ಪ ಇಲ್ಲ ಎಂದು ಅಮ್ಮನಿಗೆ ಗೊತ್ತಿತ್ತು. ಅವಳ ಕೈಗೆ ಇನ್ನೂ ಗೊತ್ತಾಗಿರಲಿಲ್ಲ.

'ದಿನ ಕಳೆದ ಹಾಗೆ ಸರಿಹೋಗುತ್ತೆ' ಎಂಬ ಮಾತು ಹಾಗಾಗಿ ಅರ್ಧ ನಿಜ. ಕ್ಯಾಲೆಂಡರು ತಿರುಗಿದರೆ ಸಾಲದು. ಅವರಿಲ್ಲದ ಸಂಜೆಗಳನ್ನು ಒಂದೊಂದಾಗಿ ಕಳೆಯಬೇಕು. ಹಾಗಂತ ಇಡೀ ದಿನ ಫೋಟೋ ಮುಂದೆ ಕೂರುವುದೂ ಬೇಡ. ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞರಾದ ಸ್ಟ್ರೋಬೆ ಮತ್ತು ಶುಟ್ 1999ರಲ್ಲಿ ಹೇಳಿದ್ದು ಇದನ್ನೇ: ಮನಸ್ಸು ಒಮ್ಮೆ ದುಃಖದ ಕಡೆ, ಒಮ್ಮೆ ಬದುಕಿನ ಕಡೆ ತೂಗುತ್ತಿರುತ್ತದೆ, ಅದೇ ಸರಿ. ಬೆಳಿಗ್ಗೆ ಅತ್ತ ಅಮ್ಮ ಮಧ್ಯಾಹ್ನ ಮೊಬೈಲಿನಲ್ಲಿ ಗ್ಯಾಸ್ ಬುಕ್ ಮಾಡುವುದನ್ನು ಕಲಿಯುತ್ತಿದ್ದಳು. ಹತ್ತನೇ ದಿನ ಚಿಕ್ಕಪ್ಪ ಹಳೇ ಕತೆ ತೆಗೆದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ. ನಕ್ಕು ತಪ್ಪು ಮಾಡಿದವಳಂತೆ ಸುತ್ತ ನೋಡಿದಳು.

ವಾಟ್ಸಾಪಿನಲ್ಲಿ ಓಡಾಡುವ 'ದುಃಖದ ಐದು ಹಂತ' ನಮಗೂ ಬಂದಿತ್ತು: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಕೊನೆಗೆ ಒಪ್ಪಿಕೊಳ್ಳುವುದು. ಕ್ಯೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳನ್ನು ನೋಡಿ. ಉಳಿದುಹೋದವರನ್ನು ನೋಡಿ ಅಲ್ಲ. ನಾನು ಅದನ್ನು ಯಾರಿಗೂ ಫಾರ್ವರ್ಡ್ ಮಾಡಲಿಲ್ಲ.

ಸತ್ತವರ ನಂಟು ಕಳಚಿಕೊಂಡರೇ ಮನಸ್ಸು ಸುಧಾರಿಸುತ್ತದೆ ಎಂದು ಪಶ್ಚಿಮದ ಮನಶ್ಶಾಸ್ತ್ರ ಬಹಳ ಕಾಲ ನಂಬಿತ್ತು. 1990ರ ದಶಕದಲ್ಲಿ ಆ ನಂಬಿಕೆ ಸಡಿಲವಾಯಿತು. ನಂಟು ಉಳಿಯಬಹುದು, ಅದರ ರೂಪ ಬದಲಾಗುತ್ತದೆ ಎಂದರು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವ ಮನೆಗಳಿಗೆ ಇದೇನು ಹೊಸ ವಿಷಯ ಅಲ್ಲ, ಅಲ್ವಾ? ಹಾಗೆಂದು ನಮ್ಮ ಪದ್ಧತಿಯೆಲ್ಲ ಮದ್ದು ಅಂತಲ್ಲ. ನಾಲ್ಕು ಜನರ ಮುಂದೆ ಅಮ್ಮನ ಬಳೆ ತೆಗೆಸಲು ಹೊರಟಾಗ ನಾನೇ ಅಡ್ಡ ನಿಂತೆ.

ಕೆಲವರಲ್ಲಿ ಮಾತ್ರ ಈ ಕಲಿಕೆ ನಿಂತುಬಿಡುತ್ತದೆ. ತಿಂಗಳುಗಳು ಕಳೆದರೂ ಹಂಬಲ ಇಳಿಯುವುದಿಲ್ಲ, ದಿನದ ಕೆಲಸ ಸಾಗುವುದಿಲ್ಲ. 2008ರಲ್ಲಿ ಓಕಾನರ್ ತಂಡ, ತಾಯಿಯನ್ನೋ ಒಡಹುಟ್ಟಿದವಳನ್ನೋ ಸ್ತನ ಕ್ಯಾನ್ಸರಿನಿಂದ ಕಳೆದುಕೊಂಡ 23 ಹೆಂಗಸರಿಗೆ ಹೋದವರ ಫೋಟೋ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿತು. ನೋವಿನ ಗುರುತು ಎಲ್ಲರಲ್ಲೂ ಇತ್ತು. ಆದರೆ ದುಃಖದಲ್ಲೇ ಸಿಕ್ಕಿಕೊಂಡವರಲ್ಲಿ, ಬೇಕಾದದ್ದು ಸಿಗುತ್ತದೆ ಎಂದು ಆಸೆಪಡುವ ಭಾಗವೂ ಚುರುಕಾಗಿತ್ತು. ಅವರ ಮಿದುಳು ಇನ್ನೂ ಕಾಯುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರಲ್ಲಿ ಜಾರಿಗೆ ಬಂತು. ಆರು ತಿಂಗಳು ಮೀರಿಯೂ ಹೀಗೆ ಉಳಿಯುವ ತೀವ್ರ ದುಃಖಕ್ಕೆ ಅದರಲ್ಲಿ ಬೇರೆಯೇ ಹೆಸರಿದೆ. ಇದಕ್ಕೆಂದೇ ರೂಪಿಸಿದ ಮಾತಿನ ಚಿಕಿತ್ಸೆಗಳೂ ಇವೆ. ಎಲ್ಲಿ ಶುರುಮಾಡುವುದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅಮ್ಮನಿಗೆ ಅದು ಬೇಕಾಗಲಿಲ್ಲ. ಚಪ್ಪಲಿ ಸದ್ದು ಈಗ ಅಪರೂಪ. ಮೊನ್ನೆ ಊರಿಗೆ ಹೋದಾಗ ಸಂಜೆ ಚಿಲಕ ಸದ್ದಾಯಿತು. ಅವಳ ಕೈ ರಿಮೋಟಿನ ತನಕ ಹೋಗಿ ನಿಂತಿತು. ಒಂದು ಗಳಿಗೆ ಬಿಟ್ಟು ವಾಲ್ಯೂಮ್ ಏರಿಸಿದಳು.

"ಬೈಕೊಳ್ಳಲಿ ಬಿಡು" ಅಂದಳು.