ಗೇರ್ ಕರ್ರ್ ಎಂದರೆ ತಪ್ಪು ಕ್ಲಚ್ಚಿನದೋ, ಗೇರ್‌ಬಾಕ್ಸಿನದೋ?

"ಹೊಸಾ ಕ್ಲಚ್ ಸೆಟ್ ಹಾಕ್ಸೇನ್ರಿ ಅಣ್ಣಾರ, ಆದ್ರೂ ಎರಡನೇ ಗೇರ್ ಕರ್ರ್ ಅನ್ನೂದು ಬಿಟ್ಟಿಲ್ಲ." ಹೀಗೆ ಹೇಳಿಕೊಂಡು ಬರುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಷ್ಟು ಹೊತ್ತಿಗೆ ಅವರು ಗೇರ್‌ಬಾಕ್ಸ್ ಇಳಿಸಿದ ಕೂಲಿ, ಹೊಸ ಸಾಮಾನಿನ ದುಡ್ಡು ಎರಡನ್ನೂ ಕೊಟ್ಟು ಮುಗಿಸಿರುತ್ತಾರೆ. ಕಾಯಿಲೆ ಮಾತ್ರ ಇದ್ದಲ್ಲೇ ಇರುತ್ತದೆ.

ಮುಧೋಳ, ಜಮಖಂಡಿ, ಮಹಾಲಿಂಗಪುರದ ಕಡೆ ಕಬ್ಬಿನ ಹಂಗಾಮು ಶುರುವಾದರೆ ಕ್ಲಚ್ಚಿನ ದೂರುಗಳೂ ಶುರು. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಒಂದನೇ ಗೇರು, ಎರಡನೇ ಗೇರು, ಮತ್ತೆ ಒಂದು. ಎಡಗಾಲು ಪೆಡಲ್ ಬಿಟ್ಟು ಕೆಳಗಿಳಿಯುವುದೇ ಇಲ್ಲ. ಹಾಫ್ ಕ್ಲಚ್ಚಿನಲ್ಲೇ, ಅಂದರೆ ಪೆಡಲ್ ಅರ್ಧ ಒತ್ತಿಕೊಂಡೇ, ಓಡಿದ ಗಾಡಿಯ ಕ್ಲಚ್ ಪ್ಲೇಟು ಸವೆಯುವುದು ಖಂಡಿತ. ಆದರೆ ಸವೆದ ಪ್ಲೇಟು ಜಾರುತ್ತದೆ, ಗೇರನ್ನು ಕರ್ರ್ ಅನ್ನಿಸುವುದಿಲ್ಲ. ಗೊಂದಲವೆಲ್ಲ ಇಲ್ಲೇ.

ಎಂಜಿನ್ನಿನ ಸುತ್ತನ್ನು ಗೇರ್‌ಬಾಕ್ಸಿಗೆ ಕೂಡಿಸುವುದು, ಬಿಡಿಸುವುದು ಕ್ಲಚ್ಚಿನ ಕೆಲಸ. ಅದು ಎರಡು ರೀತಿ ಕೆಡುತ್ತದೆ, ಎರಡೂ ಒಂದಕ್ಕೊಂದು ತದ್ವಿರುದ್ಧ. ಹಿಡಿಯಬೇಕಾದಾಗ ಹಿಡಿಯದಿರುವುದು ಒಂದು. ಎಕ್ಸಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಏರಿನಲ್ಲಿ ಸುಟ್ಟ ವಾಸನೆ ಬರುತ್ತದೆ. ಬೆಳಗಾವಿಯಿಂದ ಚೋರ್ಲಾ ಘಾಟ್ ದಾಟಿ ಗೋವಾಕ್ಕೆ ಹೋಗಿಬಂದವರು ಹೇಳುವ ದೂರು ಹೆಚ್ಚಾಗಿ ಇದೇ. ಪರೀಕ್ಷೆ ಸುಲಭ. ಖಾಲಿ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಎಕ್ಸಲರೇಟರನ್ನು ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಥಟ್ಟನೆ ಮೇಲೇರಿ ವೇಗ ಇದ್ದಲ್ಲೇ ಉಳಿದರೆ ಕ್ಲಚ್ ಜಾರುತ್ತಿದೆ ಎಂದೇ ಅರ್ಥ. ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟು ನೋಡುವ ರೂಢಿಯೂ ಇದೆ. ಅದನ್ನು ಪದೇ ಪದೇ ಮಾಡಿದರೆ ಉಳಿದಿರುವ ಪ್ಲೇಟೂ ಸುಡುತ್ತದೆ, ನಾನು ಬೇಡ ಎನ್ನುತ್ತೇನೆ.

ಬಿಡಬೇಕಾದಾಗ ಬಿಡದಿರುವುದು ಇನ್ನೊಂದು. ಪೆಡಲ್ ನೆಲಕ್ಕೆ ತಾಗುವಂತೆ ಒತ್ತಿದರೂ ಎಂಜಿನ್ನಿನ ಸುತ್ತು ಸ್ವಲ್ಪ ಗೇರ್‌ಬಾಕ್ಸಿಗೆ ಹೋಗುತ್ತಲೇ ಇರುತ್ತದೆ. ಗೇರುಗಳು ಕರ್ರ್ ಎನ್ನುವುದು ಆಗ. ಇದನ್ನು ಹಿಡಿಯಲು ನಾನು ಮೊದಲು ಮಾಡುವ ಕೆಲಸ ಇಷ್ಟೇ: ಎಂಜಿನ್ ಆಫ್ ಮಾಡಿ ಎಲ್ಲ ಗೇರು ಹಾಕಿ ನೋಡುತ್ತೇನೆ. ಆಮೇಲೆ ಗಾಡಿಯನ್ನು ನಿಂತಲ್ಲೇ ಚಾಲೂ ಮಾಡಿ, ಪೆಡಲ್ ಪೂರ್ತಿ ಒತ್ತಿ, ಐದು ಎಣಿಸಿ ರಿವರ್ಸ್ ಹಾಕುತ್ತೇನೆ. ಆಫ್ ಇದ್ದಾಗ ಬೆಣ್ಣೆಯಂತೆ ಬೀಳುವ ಗೇರು ಚಾಲೂ ಇದ್ದಾಗ ಒದ್ದಾಡಿದರೆ, ಐದು ಎಣಿಸಿದ ಮೇಲೂ ರಿವರ್ಸ್ ಕರ್ರ್ ಎಂದರೆ ಕ್ಲಚ್ ಬಿಡುತ್ತಿಲ್ಲ.

ಐದು ಎಣಿಸಲೇಬೇಕು. ಬಹಳ ಕಾರುಗಳಲ್ಲಿ ರಿವರ್ಸ್ ಗೇರಿಗೆ ಸಿಂಕ್ರೊ ರಿಂಗ್, ಅಂದರೆ ಹಲ್ಲು ಕೂಡುವ ಮೊದಲು ವೇಗ ಸಮ ಮಾಡುವ ಬಳೆ, ಇರುವುದಿಲ್ಲ. ಕ್ಲಚ್ ಒತ್ತಿದ ಮೇಲೂ ಒಳಗಿನ ಶಾಫ್ಟ್ ತನ್ನ ವೇಗದಲ್ಲೇ ಕೆಲವು ಕ್ಷಣ ತಿರುಗುತ್ತಿರುತ್ತದೆ. ಅವಸರ ಮಾಡಿ ರಿವರ್ಸ್ ಹಾಕಿದರೆ ಹೊಸ ಕಾರೂ ಕರ್ರ್ ಎನ್ನುತ್ತದೆ. ಮೊದಲು ಒಂದನೇ ಗೇರಿಗೆ ಹಾಕಿ ಶಾಫ್ಟ್ ನಿಲ್ಲಿಸಿ ಆಮೇಲೆ ರಿವರ್ಸ್ ಹಾಕಿ. ಸದ್ದು ಬರದಿದ್ದರೆ ಗಾಡಿ ಸರಿಯಾಗಿದೆ.

ಕ್ಲಚ್ ಬಿಡುತ್ತಿಲ್ಲ ಎಂದು ಗೊತ್ತಾದರೂ ಗೇರ್‌ಬಾಕ್ಸಿಗೆ ಕೈಹಾಕಬೇಡಿ. ಕಾಲಿನ ಹತ್ತಿರದಿಂದ ಹುಡುಕುತ್ತ ಹೋಗಬೇಕು. ಪೆಡಲ್ ಕೆಳಗೆ ದಪ್ಪ ಮ್ಯಾಟ್ ಮಡಚಿಕೊಂಡಿದ್ದರೆ ಪೆಡಲ್ ಪೂರ್ತಿ ಇಳಿಯುವುದಿಲ್ಲ. ಅದನ್ನು ತೆಗೆದಿಟ್ಟರೆ ಕೆಲಸ ಮುಗಿದ ಗಾಡಿಗಳೂ ಇವೆ. ಮಾರುತಿ 800, ಆಲ್ಟೊದಂಥ ಕೇಬಲ್ ಕ್ಲಚ್ಚಿನ ಗಾಡಿಯಲ್ಲಿ ಪೆಡಲ್ಲಿನ ಫ್ರೀ ಪ್ಲೇ (ಕ್ಲಚ್ ಕೆಲಸ ಶುರುಮಾಡುವ ಮೊದಲು ಪೆಡಲ್ ಸಡಿಲವಾಗಿ ಇಳಿಯುವಷ್ಟು ಜಾಗ) ನೋಡಿ, ಎಷ್ಟಿರಬೇಕೆಂದು ಗಾಡಿಯ ಪುಸ್ತಕದಲ್ಲಿರುತ್ತದೆ. ಕೇಬಲ್ ಸಡಿಲಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಅದೇ ನಟ್ಟನ್ನು ಅತಿಯಾಗಿ ಬಿಗಿದರೆ ಪೂರ್ತಿ ಹಿಡಿಯುವುದಿಲ್ಲ, ಆಗ ಒಳ್ಳೆಯ ಪ್ಲೇಟೂ ಜಾರಿ ಜಾರಿ ಸುಡುತ್ತದೆ. ಎಳೆ ಬಿಚ್ಚಿದ ಕೇಬಲನ್ನು ಬಿಗಿದು ಕಳಿಸುವುದಕ್ಕಿಂತ ಬದಲಿಸಿಬಿಡುವುದು ವಾಸಿ.

ಕೇಬಲ್ ಬದಲು ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ಚಾದರೆ ಪೆಡಲ್ಲನ್ನು ಮೂರು ನಾಲ್ಕು ಸಲ ಪಟಪಟ ಒತ್ತಿ ತಕ್ಷಣ ಗೇರ್ ಹಾಕಿ. ಗೇರ್ ಸಲೀಸಾಗಿ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಸಿಲಿಂಡರ್ ಸೋರುತ್ತಿದೆ. ಡ್ರೈವರ್ ಕಾಲಿನ ಹತ್ತಿರದ ಕಾರ್ಪೆಟ್ ಎತ್ತಿ ಪೆಡಲ್ ಮೇಲ್ಭಾಗ ಮುಟ್ಟಿ ನೋಡಿ. ಒದ್ದೆಯಿದ್ದರೆ ಪೆಡಲ್ ಒತ್ತಿದಾಗ ದ್ರವ ತಳ್ಳುವ ಮಾಸ್ಟರ್ ಸಿಲಿಂಡರ್ ಸೋರಿಕೆ. ಅದು ಒಣಗಿದ್ದು ಗೇರ್‌ಬಾಕ್ಸಿನ ಹೊರಮೈಗೆ ಹಚ್ಚಿದ, ಆ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಒದ್ದೆಯಿದ್ದರೆ ತಪ್ಪು ಅಲ್ಲಿ. ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗ್ (ಕ್ಲಚ್ ಸುತ್ತಲಿನ ಗೂಡು) ಒಳಗೇ ಇರುವ ಕಾರುಗಳಲ್ಲಿ ಮಾತ್ರ ಗೇರ್‌ಬಾಕ್ಸ್ ಇಳಿಸದೆ ದಾರಿಯಿಲ್ಲ. ನಾವೆಲ್ಲ ಬ್ರೇಕ್ ಆಯಿಲ್ ಎನ್ನುವ ದ್ರವವೇ ಇದಕ್ಕೂ ಬೇಕು: ಮುಚ್ಚಳದ ಮೇಲೆ ಬರೆದಿರುವಂತೆ ಡಾಟ್ 3 ಅಥವಾ ಡಾಟ್ 4. ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ.

ಈಗ ಮೊದಲು ಹೇಳಿದ ಆ ಎರಡನೇ ಗೇರಿಗೆ ಬರೋಣ. ನಿಂತಾಗ ಎಲ್ಲ ಗೇರೂ ಸಲೀಸು, ರಿವರ್ಸೂ ಸುಮ್ಮನೆ ಬೀಳುತ್ತದೆ. ಓಡುತ್ತಿರುವಾಗ ಮೂರರಿಂದ ಎರಡಕ್ಕೆ ಇಳಿಸಿದರೆ ಮಾತ್ರ ಕರ್ರ್. ಒಂದೇ ಗೇರು ಗೋಳಾಡಿದರೆ ಕ್ಲಚ್ಚಿನ ಮೇಲೆ ಅನುಮಾನ ಬೇಡ, ಯಾಕೆಂದರೆ ಕ್ಲಚ್ ಎಲ್ಲ ಗೇರಿಗೂ ಒಂದೇ. ಸವೆದಿರುವುದು ಆ ಗೇರಿನ ಸಿಂಕ್ರೊ ರಿಂಗ್, ಸಾಮಾನ್ಯವಾಗಿ ಹಿತ್ತಾಳೆಯದು. ಓಡುವ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಕಂಬಿ ಹಿಡಿಯುವಂತೆ, ಹಲ್ಲುಗಳು ಕೂಡುವ ಮೊದಲು ಎರಡರ ವೇಗವನ್ನೂ ಸಮ ಮಾಡುವುದು ಅದರ ಕೆಲಸ. ಖಚಿತ ಮಾಡಿಕೊಳ್ಳಲು ಹಳೇ ಲಾರಿ ಡ್ರೈವರುಗಳು ಮಾಡುತ್ತಿದ್ದ ಡಬಲ್ ಕ್ಲಚ್ ಮಾಡಿ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಸ್ವಲ್ಪ ರೇಸ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಎರಡನೇ ಗೇರಿಗೆ ಇಳಿಸಿ. ಸದ್ದು ಮಾಯವಾದರೆ ತಪ್ಪು ಸಿಂಕ್ರೊದ್ದೇ. ಅದನ್ನು ಹಾಗೇ ಬಿಟ್ಟು ಓಡಿಸಿದರೆ ಹಲ್ಲುಗಳ ಮೂಲೆ ಮುರಿಯುತ್ತ ಹೋಗಿ, ಒಂದು ದಿನ ಗೇರು ತಾನೇ ಜಿಗಿದು ನ್ಯೂಟ್ರಲ್‌ಗೆ ಬರುತ್ತದೆ.

ಸಿಂಕ್ರೊದ ಆಯುಷ್ಯ ಗೇರ್ ಆಯಿಲ್ಲಿನ ಕೈಯಲ್ಲಿದೆ. ಎಂಜಿನ್ ಆಯಿಲ್ ತಪ್ಪದೆ ಬದಲಿಸುವವರೂ ಇದನ್ನು ನೋಡುವುದೇ ಇಲ್ಲ. ಗಾಡಿಯ ಪುಸ್ತಕದಲ್ಲಿ ಗೇರ್ ಆಯಿಲ್ಲಿನ ದರ್ಜೆ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಿಸಿ. ಜಿಎಲ್-5ರ ಸಂಖ್ಯೆ ದೊಡ್ಡದೆಂದು ಅದು ಹೆಚ್ಚು ಒಳ್ಳೆಯದಲ್ಲ. ಹಿಂಬದಿ ಆಕ್ಸಲ್ಲಿನಂಥ ಭಾರೀ ಒತ್ತಡದ ಗೇರುಗಳಿಗೆಂದು ಅದರಲ್ಲಿ ಗಂಧಕದ ಸಂಯುಕ್ತಗಳು ಹೆಚ್ಚಿರುತ್ತವೆ, ಅವು ಹಿತ್ತಾಳೆಯ ರಿಂಗನ್ನು ತಿನ್ನಬಹುದು. ಹಳೇ ಆಯಿಲ್ ಇಳಿಸುವಾಗ ಬಿಸಿಲಿಗೆ ಹಿಡಿದು ನೋಡಿ. ಬಂಗಾರದ ಬಣ್ಣದ ನುಣ್ಣನೆ ಪುಡಿ ತೇಲಿದರೆ ರಿಂಗ್ ಸವೆಯುತ್ತಿದೆ. ಕಬ್ಬಿಣದ ಚೂರುಗಳೇ ಸಿಕ್ಕರೆ ಗೇರ್‌ಬಾಕ್ಸ್ ಬಿಚ್ಚಲು ತಡಮಾಡಬೇಡಿ.

ಸದ್ದಿನ ಬಗ್ಗೆ ಎರಡೇ ಮಾತು. ನ್ಯೂಟ್ರಲ್‌ನಲ್ಲಿ ಪೆಡಲ್ ಒತ್ತಿದಾಗ ಸದ್ದು ಹುಟ್ಟಿದರೆ ತಪ್ಪು ಕ್ಲಚ್ ಬಿಡಿಸಲು ಒತ್ತುವ ರಿಲೀಸ್ ಬೇರಿಂಗ್‌ನದು. ಒತ್ತಿದಾಗ ನಿಂತು ಬಿಟ್ಟಾಗ ಬಂದರೆ ಗೇರ್‌ಬಾಕ್ಸ್ ಒಳಗಿನ ಇನ್‌ಪುಟ್ ಶಾಫ್ಟ್ (ಕ್ಲಚ್ಚಿನಿಂದ ಸುತ್ತು ಒಳತರುವ ದಂಡ) ಬೇರಿಂಗ್‌ನದು.

ಕೊನೆಗೂ ಗೇರ್‌ಬಾಕ್ಸ್ ಇಳಿಸಲೇಬೇಕಾಗಿ ಬಂದರೆ ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಕೂಲಿ ಎರಡು ಸಲ ಕೊಡುವುದು ತಪ್ಪುತ್ತದೆ. ಹಳೆಯ ಪ್ಲೇಟನ್ನು ಕೇಳಿ ಕೈಯಲ್ಲಿ ಹಿಡಿದು ನೋಡಿ. ರಿವೆಟ್ ತಲೆಗಳು ಮೇಲ್ಮೈಗೆ ಬಂದಿದ್ದರೆ ಪ್ಲೇಟು ತನ್ನ ಆಯುಷ್ಯ ಮುಗಿಸಿದೆ. ರಿವೆಟ್ ಇನ್ನೂ ಆಳದಲ್ಲಿದ್ದು ಪ್ಲೇಟಿನ ಮೇಲೆ ಎಣ್ಣೆಯ ಕಪ್ಪು ಕಲೆ ಕಂಡರೆ ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಅಥವಾ ಇನ್‌ಪುಟ್ ಶಾಫ್ಟ್ ಸೀಲ್ ಸೋರುತ್ತಿದೆ. ಆ ಸೀಲ್ ಬದಲಿಸುವವರೆಗೆ ಗೇರ್‌ಬಾಕ್ಸ್ ಮೇಲೇರಿಸಲು ಬಿಡಬೇಡಿ, ಹೊಸ ಪ್ಲೇಟಿಗೂ ಅದೇ ಎಣ್ಣೆ ಹತ್ತುತ್ತದೆ.